ಒಂದೇ ಕಂಪ್ಯೂಟರಿಗೆ ಎರಡು ವಿಡಿಯೋ ಪ್ಲೇಯರ್ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಜೊತೆಗೆ ಹಳೆಯ ಮದುವೆ ಸಿಡಿ, ಡಿವಿಡಿಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುತ್ತೇನೆ. ‘ವಿಡಿಯೋ ಕೆಟ್ಟುಹೋಗಿದೆ, ಏನಾದ್ರೂ ಮಾಡಿ’ ಎಂದು ಬರುವವರೇ ಜಾಸ್ತಿ. ಅವರಲ್ಲಿ ಬಹಳ ಜನರ ವಿಡಿಯೋಗೆ ಏನೂ ಆಗಿರುವುದಿಲ್ಲ. ತೆರೆಯಲು ಹೋದ ಪ್ಲೇಯರ್‌ಗೆ ಅದನ್ನು ಓದಲು ಬರುವುದಿಲ್ಲ, ಅಷ್ಟೇ. ಆದರೆ ನನ್ನ ಹತ್ತಿರ ಬರುವಷ್ಟರಲ್ಲಿ ಕೆಲವರು ಫೈಲನ್ನೇ ಡಿಲೀಟ್ ಮಾಡಿರುತ್ತಾರೆ, ಕೆಲವರು ಡಿಸ್ಕ್ ಎಸೆದಿರುತ್ತಾರೆ. ಅದನ್ನು ಕೇಳಿದಾಗ ಹೊಟ್ಟೆ ಉರಿಯುತ್ತದೆ. ಅದಕ್ಕೇ ಅಂಗಡಿಯಲ್ಲಿ ದಿನಾ ಹೇಳುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎರಡು ಪ್ಲೇಯರ್ ಹಾಕಿದರೆ ಒಂದಕ್ಕೊಂದು ಜಗಳ ಆಡಲ್ವಾ? ಕಂಪ್ಯೂಟರ್ ಸ್ಲೋ ಆಗಲ್ವಾ?

ಇಲ್ಲ. ಇದು ಆಂಟಿವೈರಸ್ ಥರ ಅಲ್ಲ. ಎರಡು ಆಂಟಿವೈರಸ್ ಹಾಕಿದರೆ ಎರಡೂ ಹಗಲು ರಾತ್ರಿ ಎದ್ದು ಕೂತಿರುತ್ತವೆ, ಒಂದೇ ಫೈಲಿಗೆ ಎರಡೂ ಕೈ ಹಾಕುತ್ತವೆ, ಕಂಪ್ಯೂಟರ್ ಒದ್ದಾಡುತ್ತದೆ. ವಿಡಿಯೋ ಪ್ಲೇಯರ್ ನೀವು ತೆರೆದಾಗ ಏಳುತ್ತದೆ, ಮುಚ್ಚಿದಾಗ ಮಲಗುತ್ತದೆ. ಮಲಗಿದಾಗ ಹಾರ್ಡ್‌ಡಿಸ್ಕ್‌ನಲ್ಲಿ ಸ್ವಲ್ಪ ಜಾಗ ಹಿಡಿದಿರುತ್ತದೆ, ಬೇರೇನೂ ಇಲ್ಲ. ವಿಎಲ್‌ಸಿ ಎಂಬ ಪುಕ್ಕಟೆ ಪ್ಲೇಯರ್ ಡೌನ್‌ಲೋಡ್ ಮಾಡಿದರೆ 40 ಎಂಬಿ ಆಸುಪಾಸು. ಫೋನಿನಲ್ಲಿ ತೆಗೆದ ಒಂದು ನಿಮಿಷದ ಒಳ್ಳೆಯ ವಿಡಿಯೋ ಅದಕ್ಕಿಂತ ದೊಡ್ಡದಿರುತ್ತದೆ.

ತಕರಾರು ಬರುವುದು ಒಂದೇ ಕಡೆ. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಯಾವುದು ತೆರೆಯಬೇಕು ಅನ್ನುವುದರಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಒಂದು ಸಾಕಲ್ವಾ? ಎರಡನೆಯದರಿಂದ ಏನು ಉಪಯೋಗ?

ತಪ್ಪು ಯಾರದು ಎಂದು ತಿಳಿಯಲು. ಒಂದೇ ಪ್ಲೇಯರ್ ಇದ್ದರೆ, ವಿಡಿಯೋ ಓಡದಿದ್ದಾಗ ಫೈಲು ಕೆಟ್ಟಿದೆಯೋ ಪ್ಲೇಯರ್‌ಗೆ ಬರುತ್ತಿಲ್ಲವೋ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ತೆರೆದು ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಸಕಲೇಶಪುರ ಕಡೆಯ ತೋಟದವರೊಬ್ಬರು ಒಂದು ಬೆಳಿಗ್ಗೆ ಪೆನ್‌ಡ್ರೈವ್ ಹಿಡಿದು ಬಂದರು. ರಾತ್ರಿ ಕಾಫಿ ಕಣಕ್ಕೆ ಆನೆ ಬಂದು ಒಣ ಹಾಕಿದ್ದ ಕಾಫಿಯನ್ನೆಲ್ಲ ತುಳಿದು ಹೋಗಿತ್ತು. ಕಣದ ಸಿಸಿಟಿವಿಯ ಡಿವಿಆರ್‌ನಲ್ಲಿ, ಅಂದರೆ ರೆಕಾರ್ಡ್ ಮಾಡಿಡುವ ಪೆಟ್ಟಿಗೆಯಲ್ಲಿ, ಅದು ಸಿಕ್ಕಿತ್ತು. ಪರಿಹಾರದ ಅರ್ಜಿ ಜೊತೆ ಕೊಡಬೇಕು, ಆದರೆ ಮನೆ ಕಂಪ್ಯೂಟರ್‌ನಲ್ಲಿ ಫೈಲು ತೆರೆಯುತ್ತಿಲ್ಲ. ‘ಡಿವಿಆರ್‌ನಲ್ಲಿ ಹಳೇದು ಅಳಿಸಿ ಹೊಸದು ಬರೀತಾ ಇರುತ್ತೆ ಸಾರ್, ಮತ್ತೆ ತೆಗೆಯೋಕೂ ಆಗಲ್ಲ’ ಎಂದು ಅವರ ಮುಖ ಬಾಡಿತ್ತು. ನನ್ನ ಕಂಪ್ಯೂಟರ್‌ನಲ್ಲಿ ಎರಡನೆಯ ಪ್ಲೇಯರ್‌ಗೆ ಹಾಕಿದೆ. ಓಡಿತು. ಕಪ್ಪು ಬಿಳುಪಿನ ಚಿತ್ರ, ಮೂಲೆಯಲ್ಲಿ ಗಂಟೆ ನಿಮಿಷ, ಟಾರ್ಪಲ್ ಅಂಚಿನಲ್ಲಿ ಒಂದು ದೊಡ್ಡ ಬೂದು ಬಣ್ಣದ ಆಕಾರ. ಕ್ಯಾಮೆರಾ ಕಡೆ ತಿರುಗಿದಾಗ ಒಂದು ಕಣ್ಣು ಬಿಳಿ ಚುಕ್ಕೆಯಾಗಿ ಹೊಳೆಯಿತು. ಒಂದೊಂದೇ ಫ್ರೇಮ್ ಮುಂದೆ ಹಿಂದೆ ಮಾಡಿ, ದಂತ ಸರಿಯಾಗಿ ಕಾಣುವ ಫೋಟೋ ತೆಗೆದುಕೊಟ್ಟೆ. ಫೈಲಿಗೆ ಏನೂ ಆಗಿರಲಿಲ್ಲ. ಅದರ ಒಳಗಿದ್ದದ್ದು ಎಚ್.265 ಎಂಬ ಬಗೆಯ ವಿಡಿಯೋ (ಅದೇನೆಂದು ಮುಂದೆ ಹೇಳುತ್ತೇನೆ), ಮನೆಯ ಪ್ಲೇಯರ್‌ಗೆ ಅದು ಬರುತ್ತಿರಲಿಲ್ಲ.

ಎಂಪಿ4 ಅಂದ್ರೆ ಎಲ್ಲದರಲ್ಲೂ ಓಡಬೇಕಲ್ವಾ? ಒಂದು ಎಂಪಿ4 ಓಡುತ್ತೆ, ಇನ್ನೊಂದು ಓಡಲ್ಲ ಯಾಕೆ?

ಎಂಪಿ4, ಎಂಕೆವಿ, ಎವಿಐ ಇವೆಲ್ಲ ಡಬ್ಬಿಯ ಹೆಸರು. ಡಬ್ಬಿ ಮೇಲೆ ‘ಕಾಫಿಪುಡಿ’ ಅಂತ ಬರೆದಿರುತ್ತದೆ. ಒಳಗೆ ಅರೇಬಿಕಾನೋ ರೋಬಸ್ಟಾನೋ, ಚಿಕೋರಿ ಎಷ್ಟು ಬೆರೆಸಿದ್ದಾರೋ, ಮುಚ್ಚಳ ತೆಗೆದ ಮೇಲೆಯೇ ಗೊತ್ತಾಗುವುದು. ಹಾಗೆಯೇ ಎಂಪಿ4 ಡಬ್ಬಿಯೊಳಗೆ ಎಚ್.264 ಇರಬಹುದು, ಎಚ್.265 ಇರಬಹುದು, ಎವಿ1 ಇರಬಹುದು. ಇವನ್ನು ಕೊಡೆಕ್ ಎನ್ನುತ್ತಾರೆ. ವಿಡಿಯೋವನ್ನು ಕುಗ್ಗಿಸಿ ಇಡುವ, ಮತ್ತೆ ಬಿಡಿಸುವ ವಿಧಾನ ಅದು.

ಎಚ್.264 ಬಂದದ್ದು 2003ರಲ್ಲಿ. ಈಗ ಅದನ್ನು ಓಡಿಸದ ಪ್ಲೇಯರ್ ಇಲ್ಲ ಎಂದೇ ಹೇಳಬಹುದು. ಎಚ್.265 ಬಂದದ್ದು 2013ರಲ್ಲಿ, ಅದಕ್ಕೆ ಎಚ್‌ಇವಿಸಿ ಎಂದೂ ಹೆಸರು. ಅದೇ ಗುಣಮಟ್ಟದ ಚಿತ್ರವನ್ನು ಸುಮಾರು ಅರ್ಧ ಜಾಗದಲ್ಲಿ ಇಡುತ್ತದೆ, ಹಾಗಾಗಿ ಫೋನು, ಸಿಸಿಟಿವಿ ಎಲ್ಲ ಅದನ್ನೇ ಹಿಡಿದಿವೆ. ಆದರೆ ಅದಕ್ಕೆ ಪೇಟೆಂಟ್ ಹಣ ಕಟ್ಟಬೇಕು. ಅದಕ್ಕೇ ಎಷ್ಟೋ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಅದು ತಾನಾಗಿ ಬರುವುದಿಲ್ಲ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಣ್ಣ ಮೊತ್ತ ಕೊಟ್ಟು ಹಾಕಿಕೊಳ್ಳಿ ಎನ್ನುತ್ತದೆ. ಎವಿ1 2018ರದು, ಅದಕ್ಕೆ ಹಣ ಕಟ್ಟಬೇಕಾಗಿಲ್ಲ ಎಂದೇ ಮಾಡಿದ್ದು.

ಒಳಗೆ ಏನಿದೆ ಎಂದು ನೋಡಲು ವಿಎಲ್‌ಸಿಯಲ್ಲಿ ಫೈಲು ತೆರೆದು ಕಂಟ್ರೋಲ್ ಜೊತೆ ಜೆ ಒತ್ತಿ. ಕೊಡೆಕ್ ಹೆಸರು ಬರುತ್ತದೆ.

ಯಾವ ಎರಡನ್ನು ಹಾಕಿಕೊಳ್ಳಲಿ?

ಒಂದು ಆಗಲೇ ನಿಮ್ಮ ಹತ್ತಿರ ಇದೆ. ವಿಂಡೋಸ್ 11ರ ಜೊತೆ ಬರುವ ಮೀಡಿಯಾ ಪ್ಲೇಯರ್ ಅದು. ಬ್ಯಾಟರಿ ಕಡಿಮೆ ತಿನ್ನುತ್ತದೆ, ನೋಡಲು ಸರಳ. ಅದನ್ನು ತೆಗೆಯಬೇಡಿ.

ಅದರ ಪಕ್ಕಕ್ಕೆ ವಿಎಲ್‌ಸಿ ಹಾಕಿ. ಕೊಡೆಕ್‌ಗಳನ್ನೆಲ್ಲ ತನ್ನೊಳಗೇ ಇಟ್ಟುಕೊಂಡು ಬರುತ್ತದೆ, ವಿಂಡೋಸ್‌ನಿಂದ ಏನೂ ಕೇಳುವುದಿಲ್ಲ. ಬೇರೆ ಪ್ಲೇಯರ್ ಮುಟ್ಟದ ಡಿವಿಡಿ, ಅರ್ಧ ಡೌನ್‌ಲೋಡ್ ಆದ ಫೈಲು, ವಿಚಿತ್ರ ಹೆಸರಿನ ಫೈಲು ಎಲ್ಲಕ್ಕೂ ಕೈ ಹಾಕಿ ನೋಡುತ್ತದೆ. ಬಹಳ ಜನಕ್ಕೆ ಇವೆರಡೇ ಸಾಕು.

ವಿಡಿಯೋ ಕೆಲಸ ಮಾಡುವವರು, ಅಂದರೆ ಮದುವೆ ಶೂಟ್ ಮಾಡುವವರು, ಎಡಿಟ್ ಮಾಡುವವರು ಮೂರನೆಯದಾಗಿ ಎಂಪಿವಿ ಅಥವಾ ಎಂಪಿಸಿ-ಎಚ್‌ಸಿ ಇಟ್ಟುಕೊಳ್ಳಿ. ಎಂಪಿವಿಯಲ್ಲಿ ಬಟನ್‌ಗಳೇ ಕಡಿಮೆ, ಕೀಬೋರ್ಡ್‌ನಲ್ಲೇ ಎಲ್ಲ. ಆದರೆ ಫುಲ್‌ಸ್ಟಾಪ್ ಕೀ ಒತ್ತಿದರೆ ಒಂದು ಫ್ರೇಮ್ ಮುಂದೆ, ಕಾಮಾ ಒತ್ತಿದರೆ ಒಂದು ಫ್ರೇಮ್ ಹಿಂದೆ. ಆನೆಯ ದಂತ ಹುಡುಕಿದ್ದು ಹೀಗೇ. ವಿಎಲ್‌ಸಿ 3ರಲ್ಲಿ ಇ ಒತ್ತಿದರೆ ಮುಂದೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಎಂಪಿಸಿ-ಎಚ್‌ಸಿ ಹಳೆಯ ಕಾಲದ ವಿಂಡೋಸ್ ಪ್ಲೇಯರ್ ಥರ ಕಾಣುತ್ತದೆ, ತುಂಬ ಹಗುರ. ಅದರ ಮೂಲ ತಂಡ 2017ರಲ್ಲಿ ಕೆಲಸ ನಿಲ್ಲಿಸಿತು, ಆಮೇಲೆ ಬೇರೆಯವರು ಮುಂದುವರಿಸಿದ್ದಾರೆ. ಹಾಗಾಗಿ 1.7.13 ಎಂಬ ಹಳೆಯದನ್ನು ಹಾಕಬೇಡಿ, 2ರಿಂದ ಶುರುವಾಗುವ ನಂಬರಿನದನ್ನು ಗಿಟ್‌ಹಬ್ ಎಂಬ ಸೈಟ್‌ನಿಂದ ತೆಗೆದುಕೊಳ್ಳಿ.

ಒಂದು ಮಾತು ನೆನಪಿರಲಿ. ಎಸ್‌ಎಂಪ್ಲೇಯರ್ ಮತ್ತು ಎಂಪಿವಿ ಎರಡನ್ನೂ ಹಾಕಿಕೊಂಡರೆ ಎರಡು ಪ್ಲೇಯರ್ ಆಯಿತು ಅಂದುಕೊಳ್ಳಬೇಡಿ. ಎಸ್‌ಎಂಪ್ಲೇಯರ್ ಒಳಗೆ ಓಡುವುದು ಎಂಪಿವಿಯೇ. ಒಂದಕ್ಕೆ ಬಾರದ್ದು ಇನ್ನೊಂದಕ್ಕೂ ಬರುವುದಿಲ್ಲ.

ವಿಎಲ್‌ಸಿ ಪುಕ್ಕಟೆ ಕೊಡ್ತಾರೆ, ಜಾಹೀರಾತೂ ಇಲ್ಲ. ಹಾಗಾದ್ರೆ ಒಳಗೆ ಏನೋ ಇರಬೇಕಲ್ವಾ?

ಈ ಅನುಮಾನ ಬರುವುದು ಸಹಜ. ಪುಕ್ಕಟೆ ಸಿಗುವ ಸಾಫ್ಟ್‌ವೇರ್‌ನಲ್ಲಿ ಬಹಳಷ್ಟು ಹಾಗೇ ಇರುತ್ತವೆ. ವಿಎಲ್‌ಸಿ ಬೇರೆ. 1996ರಲ್ಲಿ ಪ್ಯಾರಿಸ್‌ನ ಎಕೋಲ್ ಸೆಂಟ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿ ವಿಡಿಯೋ ಕಳಿಸಲು ಶುರು ಮಾಡಿದ ಪ್ರಾಜೆಕ್ಟ್ ಅದು. 2001ರಲ್ಲಿ ಅದರ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು ಎಂದು ಬಿಟ್ಟುಕೊಟ್ಟರು. ಈಗ ವಿಡಿಯೋಲ್ಯಾನ್ ಎಂಬ ಲಾಭಕ್ಕಲ್ಲದ ಸಂಸ್ಥೆ ನೋಡಿಕೊಳ್ಳುತ್ತಿದೆ, ದೇಣಿಗೆಯಿಂದ ನಡೆಯುತ್ತದೆ. ಆ ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ಬಂದದ್ದೂ ಆ ವಿದ್ಯಾರ್ಥಿಗಳಿಂದಲೇ. ಅವರು ರಸ್ತೆಯ ಕೋನ್‌ಗಳನ್ನು ತಂದು ಕೂಡಿಟ್ಟುಕೊಂಡಿದ್ದರಂತೆ.

ಸರ್ಕಾರ ವಿಎಲ್‌ಸಿ ಬ್ಯಾನ್ ಮಾಡಿತ್ತು ಅಂತಾರಲ್ಲ?

2022ರಲ್ಲಿ ಅದರ ವೆಬ್‌ಸೈಟ್ ಭಾರತದಲ್ಲಿ ತೆರೆಯುತ್ತಿರಲಿಲ್ಲ. ಸಂಸ್ಥೆಯವರು ಕಾನೂನು ನೋಟಿಸ್ ಕಳಿಸಿದ ಮೇಲೆ, ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ತೆರೆಯಿತು. ಈಗ ತೊಂದರೆ ಇಲ್ಲ.

ಆದರೆ ಆ ತಿಂಗಳುಗಳಲ್ಲಿ ಬಹಳ ಜನ ಬೇರೆ ಬೇರೆ ಸೈಟ್‌ಗಳಿಂದ ಹಾಕಿಕೊಂಡರು. ಅಂಥದ್ದು ನಿಮ್ಮ ಕಂಪ್ಯೂಟರ್‌ನಲ್ಲಿ ಇದ್ದರೆ ತೆಗೆದು, ವಿಡಿಯೋಲ್ಯಾನ್ ಡಾಟ್ ಆರ್ಗ್‌ನಿಂದ ಹೊಸದಾಗಿ ಹಾಕಿ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ‘ಅನುಮತಿ ಕೊಡಲಾ?’ ಎಂದು ಕೇಳುತ್ತದಲ್ಲ, ಆ ಚೌಕದಲ್ಲಿ ಪಬ್ಲಿಷರ್ ಎಂದು ವಿಡಿಯೋಲ್ಯಾನ್ ಹೆಸರೇ ಇರಬೇಕು. ‘ಅನ್‌ನೋನ್’ ಎಂದಿದ್ದರೆ ಅಲ್ಲೇ ನಿಲ್ಲಿಸಿ.

ಹೊಸ ಪ್ಲೇಯರ್ ಹಾಕಿದ ಮೇಲೆ ಎಲ್ಲ ಅದರಲ್ಲೇ ತೆರೆಯುತ್ತೆ. ಹಳೇದು ಹೋಯ್ತಾ?

ಹೋಗಿಲ್ಲ. ಹೊಸದು ಇನ್‌ಸ್ಟಾಲ್ ಆಗುವಾಗ ‘ನಾನೇ ಡೀಫಾಲ್ಟ್ ಆಗಲಾ?’ ಎಂದು ಕೇಳಿರುತ್ತದೆ, ನೀವು ನೆಕ್ಸ್ಟ್ ನೆಕ್ಸ್ಟ್ ಒತ್ತಿರುತ್ತೀರಿ.

ಸರಿ ಮಾಡಲು, ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ. ‘ಓಪನ್ ವಿತ್’ಗೆ ಹೋಗಿ. ‘ಚೂಸ್ ಅನದರ್ ಆ್ಯಪ್’ ಒತ್ತಿ, ಬೇಕಾದ ಪ್ಲೇಯರ್ ಆರಿಸಿ, ‘ಆಲ್ವೇಸ್’ ಒತ್ತಿ. ಇದು ಆ ಒಂದು ಜಾತಿಯ ಫೈಲಿಗೆ ಮಾತ್ರ ಅನ್ವಯ. ಎಂಪಿ4ಗೆ ಮಾಡಿದರೆ ಎಂಕೆವಿ ಹಾಗೇ ಇರುತ್ತದೆ, ಅದಕ್ಕೂ ಒಮ್ಮೆ ಮಾಡಬೇಕು.

ಇದನ್ನೇ ಅನುಕೂಲಕ್ಕೆ ಬಳಸಿಕೊಳ್ಳಬಹುದು. ನನ್ನ ಕಂಪ್ಯೂಟರ್‌ನಲ್ಲಿ ಫೋನಿನ ಎಂಪಿ4 ವಿಂಡೋಸ್ ಪ್ಲೇಯರ್‌ನಲ್ಲಿ ತೆರೆಯುತ್ತದೆ, ಎಂಕೆವಿ ಮತ್ತು ಡಿವಿಡಿಯ ವಿಒಬಿ ಫೈಲುಗಳು ವಿಎಲ್‌ಸಿಯಲ್ಲಿ, ಕ್ಯಾಮೆರಾದ ಎಂಟಿಎಸ್ ಫೈಲುಗಳು ಎಂಪಿವಿಯಲ್ಲಿ. ಒಮ್ಮೆ ಮಾತ್ರ ಬೇರೆಯದರಲ್ಲಿ ನೋಡಬೇಕೆಂದರೆ ‘ಆಲ್ವೇಸ್’ ಬದಲು ‘ಜಸ್ಟ್ ಒನ್ಸ್’ ಒತ್ತಿ.

ಕೊಡೆಕ್ ಪ್ಯಾಕ್ ಹಾಕಿದರೆ ಎಲ್ಲ ಪ್ಲೇಯರ್‌ನಲ್ಲೂ ಎಲ್ಲ ಓಡುತ್ತಂತೆ?

ಕೊಡೆಕ್ ಪ್ಯಾಕ್ ಅಂದರೆ ಹಲವು ಕೊಡೆಕ್‌ಗಳ ಒಂದು ಕಂತೆ. ವಿಎಲ್‌ಸಿ, ಎಂಪಿವಿಗೆ ಅದರಿಂದ ಏನೂ ಆಗುವುದಿಲ್ಲ, ಅವು ತಮ್ಮದನ್ನೇ ಬಳಸುತ್ತವೆ. ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರ್‌ನಂಥವಕ್ಕೆ ಮಾತ್ರ ಉಪಯೋಗ. 2005, 2008ರ ಸುಮಾರಿಗೆ ಅದು ಬೇಕಿತ್ತು. ಈಗ ಬೇಡ. ಎರಡು ಪ್ಲೇಯರ್ ಇಟ್ಟುಕೊಳ್ಳುವುದು ಸುರಕ್ಷಿತ, ಎರಡು ಕೊಡೆಕ್ ಪ್ಯಾಕ್ ಹಾಕುವುದು ನಿಜಕ್ಕೂ ತಲೆನೋವು. ಅವು ವಿಂಡೋಸ್‌ನ ಒಳಗೆ ಹೋಗಿ ಕೂರುತ್ತವೆ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ.

ಇನ್ನು ಯಾವುದೋ ಸೈಟ್ ‘ಈ ಸಿನಿಮಾ ನೋಡಲು ನಮ್ಮ ಕೊಡೆಕ್ ಹಾಕಿ’ ಅಂದರೆ ಅದು ವೈರಸ್ ಎಂದೇ ತಿಳಿಯಿರಿ.

ಮಗ ಬೆಂಗಳೂರಿಂದ ಐಫೋನ್ ವಿಡಿಯೋ ಕಳಿಸ್ತಾನೆ. ಮಾತು ಕೇಳುತ್ತೆ, ಚಿತ್ರ ಬರಲ್ಲ.

2017ರಿಂದ ಈಚೆಗೆ ಐಫೋನ್ ಎಚ್‌ಇವಿಸಿಯಲ್ಲಿ ರೆಕಾರ್ಡ್ ಮಾಡುತ್ತದೆ. ನಿಮ್ಮ ಪ್ಲೇಯರ್‌ಗೆ ಧ್ವನಿ ಬಿಡಿಸಲು ಬರುತ್ತದೆ, ಚಿತ್ರ ಬಿಡಿಸಲು ಬರುವುದಿಲ್ಲ. ವಿಎಲ್‌ಸಿಯಲ್ಲಿ ತೆರೆಯಿರಿ, ಎರಡೂ ಬರುತ್ತದೆ. ಇಲ್ಲವೇ ಮಗನಿಗೆ ಹೇಳಿ: ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್, ಅದರಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಎಂದು ಮಾಡಿದರೆ ಮುಂದಿನ ವಿಡಿಯೋಗಳು ಎಚ್.264ರಲ್ಲಿ ಬರುತ್ತವೆ. ಜಾಗ ಮಾತ್ರ ಜಾಸ್ತಿ ಹಿಡಿಯುತ್ತದೆ.

ಚಿತ್ರ ಬಂದರೂ ಬಣ್ಣ ತೊಳೆದು ಹಾಕಿದಂತೆ ಪೇಲವವಾಗಿದ್ದರೆ ಅದು ಎಚ್‌ಡಿಆರ್ ವಿಡಿಯೋ, ಅಂದರೆ ಮಾಮೂಲಿಗಿಂತ ಹೆಚ್ಚು ಹೊಳಪು, ಬಣ್ಣ ಹಿಡಿದಿಟ್ಟದ್ದು. ಮಾಮೂಲಿ ಪರದೆಗೆ ಅದನ್ನು ಇಳಿಸಿ ತೋರಿಸಬೇಕು. ಆ ಕೆಲಸ ಎಂಪಿವಿ ಬಹಳ ಚೆನ್ನಾಗಿ ಮಾಡುತ್ತದೆ.

ನಮ್ಮ ಮದುವೆ ಡಿವಿಡಿಯಲ್ಲಿ ಕೈ ಅಲ್ಲಾಡಿದರೆ ಗೆರೆ ಗೆರೆ ಬರುತ್ತೆ. ಡಿಸ್ಕ್ ಹಾಳಾಯ್ತಾ?

ಈ ಪ್ರಶ್ನೆಗೆ ಉತ್ತರ ಕೊಡುವುದೆಂದರೆ ನನಗೆ ಖುಷಿ, ಯಾಕೆಂದರೆ ಡಿಸ್ಕ್ ಹಾಳಾಗಿಲ್ಲ.

ಧಾರೆ ಎರೆಯುವ ದೃಶ್ಯ ನೆನಪು ಮಾಡಿಕೊಳ್ಳಿ. ಎಲ್ಲರೂ ನಿಂತಿರುವಾಗ ಚಿತ್ರ ಚೊಕ್ಕ. ಮದುಮಗಳು ಕೈ ಎತ್ತಿದ ತಕ್ಷಣ ಹಸಿರು ಬಳೆಗಳ ಅಂಚು ಬಾಚಣಿಗೆ ಹಲ್ಲಿನಂತೆ ಸೀಳಿಕೊಳ್ಳುತ್ತದೆ. ಸೀರೆಯ ಜರಿ ಅಂಚೂ ಹಾಗೇ. ಕೈ ನಿಂತರೆ ಮತ್ತೆ ಸರಿ. ಅಂದರೆ ಗೆರೆ ಬರುವುದು ಅಲುಗಾಡುವ ಕಡೆ ಮಾತ್ರ. ಗೀರು ಬಿದ್ದ ಡಿಸ್ಕ್ ಹಾಗೆ ಮಾಡುವುದಿಲ್ಲ, ಅದು ಚೌಕ ಚೌಕವಾಗಿ ಒಡೆಯುತ್ತದೆ ಅಥವಾ ನಿಂತೇಬಿಡುತ್ತದೆ.

ಆಗಿನ ಕ್ಯಾಮೆರಾಗಳು ಹಳೆಯ ಡಬ್ಬಾ ಟಿವಿಗಾಗಿ ಚಿತ್ರ ತೆಗೆಯುತ್ತಿದ್ದವು. ನಮ್ಮ ದೇಶದ ಡಿವಿಡಿಯಲ್ಲಿ ಒಂದು ಚಿತ್ರಕ್ಕೆ 576 ಅಡ್ಡ ಸಾಲು, ಸೆಕೆಂಡಿಗೆ 25 ಚಿತ್ರ. ಆದರೆ ಒಂದು ಚಿತ್ರವನ್ನು ಒಂದೇ ಏಟಿಗೆ ತೆಗೆಯುತ್ತಿರಲಿಲ್ಲ. ಮೊದಲು ಬೆಸ ಸಾಲು, ಸೆಕೆಂಡಿನ 50ರಲ್ಲಿ ಒಂದು ಭಾಗ ಕಳೆದ ಮೇಲೆ ಸಮ ಸಾಲು. ಆ ಚಿಕ್ಕ ಹೊತ್ತಿನಲ್ಲಿ ಬಳೆ ಸ್ವಲ್ಪ ಸರಿದಿರುತ್ತದೆ. ಡಬ್ಬಾ ಟಿವಿ ಒಂದಾದ ಮೇಲೆ ಒಂದು ತೋರಿಸುತ್ತಿತ್ತು, ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ಹೆಣೆದು ತೋರಿಸುತ್ತದೆ, ಆಗ ಹಲ್ಲು ಕಾಣುತ್ತದೆ.

ವಿಎಲ್‌ಸಿಯಲ್ಲಿ ವಿಡಿಯೋ ಓಡುತ್ತಿರುವಾಗ ಡಿ ಕೀ ಒತ್ತಿ, ಅಥವಾ ವಿಡಿಯೋ ಮೆನುವಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಮೋಡ್‌ನಲ್ಲಿ ‘ಯಾಡಿಫ್ 2ಎಕ್ಸ್’ ಆರಿಸಿ. ಹಲ್ಲು ಹೋಗಿ ಕೈ ನುಣುಪಾಗಿ ಚಲಿಸುತ್ತದೆ. ಎಂಪಿವಿಯಲ್ಲೂ ಡಿ ಕೀಯೇ. ಅರಸೀಕೆರೆಯಿಂದ ಬಂದಿದ್ದ ಗಂಡ ಹೆಂಡತಿಗೆ ಇದನ್ನು ತೋರಿಸಿದಾಗ ಅವರು ಆ ದೃಶ್ಯವನ್ನು ನಾಲ್ಕು ಸಲ ಹಾಕಿಸಿ ನೋಡಿದರು. ಧಾರೆ ನೀರು ಹಾಕುತ್ತಿದ್ದ ಹೆಂಡತಿಯ ತಂದೆ ಈಗಿಲ್ಲ.

ಒಂದು ಕೆಲಸ ತಪ್ಪದೆ ಮಾಡಿ. ಡಿಸ್ಕಿನಿಂದಲೇ ಪದೇ ಪದೇ ಓಡಿಸಬೇಡಿ. ಮೊದಲು ‘ವಿಡಿಯೋ ಟಿಎಸ್’ ಎಂಬ ಇಡೀ ಫೋಲ್ಡರನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ, ಆಮೇಲೆ ಅಲ್ಲಿಂದ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಡಿವಿಡಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಹಾಕುವ ಡ್ರೈವ್ ಸಿಗುತ್ತದೆ. ವಿಂಡೋಸ್ 8ರಿಂದ ಈಚೆಗೆ ವಿಂಡೋಸ್‌ನ ಸ್ವಂತ ಪ್ಲೇಯರ್‌ನಲ್ಲಿ ಡಿವಿಡಿ ಓಡುವುದಿಲ್ಲ, ಹಾಗಾಗಿ ಇದಕ್ಕಂತೂ ಎರಡನೆಯ ಪ್ಲೇಯರ್ ಬೇಕೇ ಬೇಕು.

2006ರ ಮಹಾಮಸ್ತಕಾಭಿಷೇಕಕ್ಕೆ ಹೋದಾಗ ತೆಗೆಸಿದ ವಿಸಿಡಿ ಇದೆ. ಒಳಗೆ ವಿಡಿಯೋನೇ ಕಾಣಲ್ಲ, ಡಿಎಟಿ ಅಂತ ಏನೋ ಇದೆ.

ಆ ಡಿಎಟಿಯೇ ವಿಡಿಯೋ. ವಿಸಿಡಿಯಲ್ಲಿ ‘ಎಂಪಿಇಜಿಎವಿ’ ಎಂಬ ಫೋಲ್ಡರ್ ಇರುತ್ತದೆ, ಅದರಲ್ಲಿರುವ ದೊಡ್ಡ ಡಿಎಟಿ ಫೈಲನ್ನು ಕಾಪಿ ಮಾಡಿ ವಿಎಲ್‌ಸಿಗೆ ಎಳೆದು ಹಾಕಿ. ಚಿತ್ರ ಮಸುಕಾಗಿರುತ್ತದೆ, ಯಾಕೆಂದರೆ ವಿಸಿಡಿಯ ಅಳತೆಯೇ 352 ಅಡ್ಡ, 288 ಉದ್ದ. ಪೂರ್ತಿ ಪರದೆಗೆ ಹಿಗ್ಗಿಸದೆ ಸ್ವಲ್ಪ ಚಿಕ್ಕದಾಗಿ ನೋಡಿದರೆ ಬೆಟ್ಟದ ಮೇಲಿನ ಗೊಮ್ಮಟನ ಮುಖ ಚೆನ್ನಾಗಿ ಕಾಣುತ್ತದೆ.

ಕನ್ನಡ ಸಬ್‌ಟೈಟಲ್ ಹಾಕಿದರೆ ಚೌಕ ಚೌಕ ಬರುತ್ತೆ, ಇಲ್ಲಾಂದ್ರೆ ಏನೇನೋ ಇಂಗ್ಲಿಷ್ ಅಕ್ಷರ.

ಮೂರು ಬೇರೆ ಬೇರೆ ತೊಂದರೆಗಳಿವೆ, ನೋಡಿದರೇ ಯಾವುದೆಂದು ತಿಳಿಯುತ್ತದೆ.

ಖಾಲಿ ಚೌಕಗಳು ಬಂದರೆ ಪ್ಲೇಯರ್ ಹಿಡಿದಿರುವ ಫಾಂಟ್‌ನಲ್ಲಿ ಕನ್ನಡ ಇಲ್ಲ. ವಿಎಲ್‌ಸಿಯಲ್ಲಿ ಟೂಲ್ಸ್, ಪ್ರಿಫರೆನ್ಸಸ್, ಸಬ್‌ಟೈಟಲ್ಸ್ ಎಂದು ಹೋಗಿ ಫಾಂಟನ್ನು ನಿರ್ಮಲಾ ಯುಐ ಮಾಡಿ. ವಿಂಡೋಸ್ 8ರಿಂದ ಅದು ಜೊತೆಗೇ ಬರುತ್ತದೆ.

ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಬಂದರೆ ಎರಡು ಕಾರಣ. ಫೈಲು ಯುಟಿಎಫ್-8ರಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರವೂ ಕೂರುವ ರೀತಿಯಲ್ಲಿ, ಸೇವ್ ಆಗಿಲ್ಲದಿರಬಹುದು. ನೋಟ್‌ಪ್ಯಾಡ್‌ನಲ್ಲಿ ತೆರೆದು ‘ಸೇವ್ ಆ್ಯಸ್’ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಆರಿಸಿ. ಅಥವಾ ಯಾರೋ ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರಬಹುದು. ಆ ಫಾಂಟಿನಲ್ಲಿ ಕಣ್ಣಿಗೆ ಕನ್ನಡ ಕಾಣುತ್ತದೆ, ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ. ಅದನ್ನು ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಪ್ಲೇಯರ್ ಬದಲಿಸಿ ಉಪಯೋಗವಿಲ್ಲ.

ಮೂರನೆಯದು ಒತ್ತಕ್ಷರ ಬಿಡಿಸಿಕೊಳ್ಳುವುದು. ‘ಚಿಕ್ಕಮಗಳೂರು’ ಎಂಬುದು ‘ಚಿಕ್‌ಕಮಗಳೂರು’ ಎಂದು ಬರುತ್ತದೆ. ಇದು ಪ್ಲೇಯರ್‌ನದೇ ತಪ್ಪು. ಅಕ್ಷರಗಳನ್ನು ಕೂಡಿಸಿ ಬರೆಯುವ ಭಾಗ ಅದರಲ್ಲಿಲ್ಲ. ಹೊಸ ಆವೃತ್ತಿ ಹಾಕಿ, ಅಥವಾ ಎಂಪಿವಿಯಲ್ಲಿ ತೆರೆಯಿರಿ. ನಮ್ಮ ಲಿಪಿಯನ್ನು ಸರಿಯಾಗಿ ತೋರಿಸದ ಪ್ಲೇಯರನ್ನು ಇಟ್ಟುಕೊಂಡು ಹೊಂದಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ಸಬ್‌ಟೈಟಲ್ ಫೈಲಿನ ಹೆಸರು ಮತ್ತು ವಿಡಿಯೋ ಹೆಸರು ಒಂದೇ ಇರಲಿ, ಒಂದೇ ಫೋಲ್ಡರ್‌ನಲ್ಲಿರಲಿ. ತಾನಾಗಿ ಹಿಡಿದುಕೊಳ್ಳುತ್ತದೆ.

ತುಟಿ ಮೊದಲು ಆಡುತ್ತೆ, ಮಾತು ಆಮೇಲೆ ಬರುತ್ತೆ.

ವಿಎಲ್‌ಸಿಯಲ್ಲಿ ಜೆ ಒತ್ತುತ್ತಾ ಹೋಗಿ, ಮಾತು ಬೇಗ ಬರುತ್ತದೆ. ಕೆ ಒತ್ತಿದರೆ ತಡವಾಗಿ. ಒಂದು ಸಲಕ್ಕೆ ಸೆಕೆಂಡಿನ 20ರಲ್ಲಿ ಒಂದು ಭಾಗ. ಸಬ್‌ಟೈಟಲ್ ಹೊಂದಿಸಲು ಜಿ ಮತ್ತು ಎಚ್. ಎಲ್ಲ ವಿಡಿಯೋದಲ್ಲೂ ಹೀಗೇ ಆದರೆ ಬ್ಲೂಟೂತ್ ಸ್ಪೀಕರ್ ತೆಗೆದು ನೋಡಿ.

ಹಳೇ ಲ್ಯಾಪ್‌ಟಾಪ್. 4ಕೆ ವಿಡಿಯೋ ತಡೆದು ತಡೆದು ಓಡುತ್ತೆ. ಯಾವ ಪ್ಲೇಯರ್ ಹಾಕಿದರೆ ಸರಿ ಹೋಗುತ್ತೆ?

ಇಲ್ಲಿ ಪ್ಲೇಯರ್ ಬದಲಿಸಿದರೆ ಸ್ವಲ್ಪ ಸಹಾಯ ಆಗಬಹುದು, ಪವಾಡ ಆಗುವುದಿಲ್ಲ. ಕಂಪ್ಯೂಟರಿನ ಚಿಪ್‌ನಲ್ಲೇ ವಿಡಿಯೋ ಬಿಡಿಸಲು ಒಂದು ಪ್ರತ್ಯೇಕ ಭಾಗ ಇರುತ್ತದೆ. ಆ ಭಾಗಕ್ಕೆ ಕೊಡೆಕ್ ಗೊತ್ತಿದ್ದರೆ ಕೆಲಸ ಸಲೀಸು. ಗೊತ್ತಿಲ್ಲದಿದ್ದರೆ ಪ್ರೊಸೆಸರ್ ಒಂದೇ ಹೊರೆ ಹೊರಬೇಕು, ಫ್ಯಾನ್ ಕಿರುಚುತ್ತದೆ, ಚಿತ್ರ ತಡೆಯುತ್ತದೆ.

ಇಂಟೆಲ್ ಆದರೆ ಹೆಸರಿನಲ್ಲೇ ಗೊತ್ತಾಗುತ್ತದೆ. ‘ಐ3-4005ಯು’ ಎಂದಿದ್ದರೆ ಗೆರೆಯ ಪಕ್ಕದ 4 ಅಂದರೆ 4ನೇ ತಲೆಮಾರು. ಎಚ್.265 ಬಿಡಿಸುವ ಭಾಗ ಸರಿಯಾಗಿ ಬಂದದ್ದು 6ನೇ ತಲೆಮಾರಿನಿಂದ. 10-ಬಿಟ್ ಎಂಬ ಹೊಸ ಬಗೆಯ ಎಚ್.265ಗೆ 7ನೆಯದು ಬೇಕು. ಎವಿ1ಗೆ 11ನೆಯದು.

ಚಿಪ್‌ಗೆ ಬಂದರೂ ತಡೆಯುತ್ತಿದ್ದರೆ ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ಇನ್‌ಪುಟ್ ಎಂಬಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ‘ಆಟೋಮ್ಯಾಟಿಕ್’ ಇದೆಯಾ ನೋಡಿ. ಇದ್ದೂ ಚಿತ್ರ ಹಸಿರಾಗಿ ಅಥವಾ ಒಡೆದು ಬಂದರೆ ‘ಡಿಸೇಬಲ್’ ಮಾಡಿ ನೋಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬ್ಯಾಟರಿಯಲ್ಲಿ ನೋಡುವವರಿಗೆ ‘ಆಟೋಮ್ಯಾಟಿಕ್’ ಇರುವುದು ಮುಖ್ಯ. ಚಿಪ್‌ನ ಆ ಭಾಗ ಕೆಲಸ ಮಾಡಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ.

ಸಿಸಿಟಿವಿಯಿಂದ ತೆಗೆದ ಫೈಲು ಡಿಎವಿ ಅಂತ ಇದೆ.

ಅದು ಕೆಲವು ಡಿವಿಆರ್ ಕಂಪನಿಗಳ ಸ್ವಂತ ಡಬ್ಬಿ. ವಿಎಲ್‌ಸಿಯಲ್ಲಿ ಕೆಲವೊಮ್ಮೆ ಓಡುತ್ತದೆ, ಕೆಲವೊಮ್ಮೆ ಬರೀ ವೇಗವಾಗಿ ಓಡಿ ಮುಗಿಯುತ್ತದೆ. ಆ ಕಂಪನಿಯದೇ ಪ್ಲೇಯರ್ ಹಾಕಿಕೊಳ್ಳುವುದು ಒಳ್ಳೆಯದು, ಮೂರನೆಯ ಪ್ಲೇಯರ್ ಇರುವುದು ಇಂಥದ್ದಕ್ಕೇ. ಮೂಲ ಫೈಲನ್ನು ಹಾಗೇ ಇಟ್ಟು, ಬೇರೆಯವರಿಗೆ ಕೊಡಲು ಎಂಪಿ4 ಮಾಡಿಕೊಳ್ಳಿ.

ಕ್ವಿಕ್‌ಟೈಮ್, ಹಳೇ ಪ್ಲೇಯರ್‌ಗಳೆಲ್ಲ ಇವೆ. ಇರಲಿ ಬಿಡಿ ಅಂತೀರಾ?

ಬೇಡ. ಜಾಸ್ತಿ ಪ್ಲೇಯರ್ ಇರುವುದು ತಪ್ಪಲ್ಲ, ಅಪ್‌ಡೇಟ್ ನಿಂತ ಪ್ಲೇಯರ್ ಇರುವುದು ತಪ್ಪು. ವಿಂಡೋಸ್‌ನ ಕ್ವಿಕ್‌ಟೈಮ್‌ಗೆ ಆ್ಯಪಲ್ 2016ರಲ್ಲೇ ಕೈ ಬಿಟ್ಟಿದೆ. ಅದನ್ನು ತೆಗೆದುಹಾಕಿ. 2017ರಲ್ಲಿ ಬರೀ ಒಂದು ಸಬ್‌ಟೈಟಲ್ ಫೈಲಿನ ಮೂಲಕ ಕಂಪ್ಯೂಟರ್ ಒಳಗೆ ನುಗ್ಗಬಹುದಾದ ದೋಷ ಹಲವು ಪ್ಲೇಯರ್‌ಗಳಲ್ಲಿ ಸಿಕ್ಕಿತ್ತು, ವಿಎಲ್‌ಸಿಯಲ್ಲೂ. ಅವರು ಕೂಡಲೇ ಸರಿ ಮಾಡಿದರು. ಸರಿ ಮಾಡಿದ್ದು ನಿಮಗೆ ಸಿಗಬೇಕಾದರೆ ಅಪ್‌ಡೇಟ್ ಹಾಕಿಕೊಳ್ಳಬೇಕು.

ಓಟಿಟಿಯಲ್ಲಿ ಡೌನ್‌ಲೋಡ್ ಮಾಡಿದ ಸಿನಿಮಾ?

ಅದು ಆ ಆ್ಯಪ್‌ನಲ್ಲೇ ತೆರೆಯುತ್ತದೆ. ಬೀಗ ಹಾಕಿರುತ್ತಾರೆ, ಬೇರೆ ಪ್ಲೇಯರ್‌ಗೆ ಬರುವುದಿಲ್ಲ.

ಕಂಪ್ಯೂಟರ್‌ನಲ್ಲಿ ಓಡುತ್ತೆ, ಅದೇ ಪೆನ್‌ಡ್ರೈವ್ ಟಿವಿಗೆ ಹಾಕಿದರೆ ಓಡಲ್ಲ.

ಟಿವಿಯಲ್ಲಿ ಇರುವುದು ಒಂದೇ ಪ್ಲೇಯರ್, ಅದಕ್ಕೇ ಈ ಪಾಡು. ಎಚ್.264 ಎಂಪಿ4 ಮಾಡಿ ಹಾಕಿದರೆ ಹೆಚ್ಚುಕಮ್ಮಿ ಎಲ್ಲ ಟಿವಿಯಲ್ಲೂ ಬರುತ್ತದೆ. ಅದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಕೂರುವುದೇ ಇಲ್ಲ, ಅದನ್ನೂ ನೋಡಿಕೊಳ್ಳಿ.

ಎರಡರಲ್ಲಿ ಅಲ್ಲ, ಮೂರರಲ್ಲೂ ತೆರೆಯಲಿಲ್ಲ. ಈಗ ಡಿಲೀಟ್ ಮಾಡಲಾ?

ದಯವಿಟ್ಟು ಮಾಡಬೇಡಿ.

ಮೊದಲು ಫೈಲಿನ ಗಾತ್ರ ನೋಡಿ. 0 ಎಂದಿದ್ದರೆ ಆ ಪ್ರತಿಯಲ್ಲಿ ಏನೂ ಇಲ್ಲ, ಮೂಲ ಕಾರ್ಡ್ ಅಥವಾ ಫೋನಿನಲ್ಲಿ ಹುಡುಕಬೇಕು. ಆ ಕಾರ್ಡಿಗೆ ಹೊಸದಾಗಿ ಏನನ್ನೂ ಬರೆಯಬೇಡಿ, ಒಂದು ಫೋಟೋ ಕೂಡ ತೆಗೆಯಬೇಡಿ.

ಗಾತ್ರ ದೊಡ್ಡದಾಗಿದ್ದು ಯಾವ ಪ್ಲೇಯರ್‌ನಲ್ಲೂ ತೆರೆಯದಿದ್ದರೆ, ರೆಕಾರ್ಡ್ ಆಗುವಾಗ ಬ್ಯಾಟರಿ ಸತ್ತಿತ್ತಾ, ಫೋನ್ ಬಿದ್ದಿತ್ತಾ ಎಂದು ನೆನಪು ಮಾಡಿಕೊಳ್ಳಿ. ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ ಒಂದಿರುತ್ತದೆ. ಸಾಮಾನ್ಯವಾಗಿ ಕ್ಯಾಮೆರಾ ಅದನ್ನು ಬರೆಯುವುದು ನೀವು ಸ್ಟಾಪ್ ಒತ್ತಿದ ಮೇಲೆ, ಕೊನೆಯಲ್ಲಿ. ಅದಕ್ಕೆ ಮುಂಚೆ ಫೋನ್ ಆರಿಹೋದರೆ ಚಿತ್ರವೆಲ್ಲ ಇರುತ್ತದೆ, ಪಟ್ಟಿ ಇರುವುದಿಲ್ಲ. ಎವಿಐ ಆದರೆ ವಿಎಲ್‌ಸಿಯೇ ‘ಪಟ್ಟಿ ಕಟ್ಟಿಕೊಳ್ಳಲಾ?’ ಎಂದು ಕೇಳಿ ಓಡಿಸುತ್ತದೆ. ಎಂಪಿ4ಗೆ ಅಷ್ಟು ಸುಲಭವಲ್ಲ, ಆದರೆ ಆಗುತ್ತದೆ. ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಚೆನ್ನಾಗಿರುವ ಇನ್ನೊಂದು ವಿಡಿಯೋ ಇದ್ದರೆ, ಅದರ ಪಟ್ಟಿಯ ರೀತಿ ನೋಡಿ ಇದಕ್ಕೂ ಪಟ್ಟಿ ಕಟ್ಟುವ ಉಚಿತ ಸಾಫ್ಟ್‌ವೇರ್‌ಗಳಿವೆ. ಅನ್‌ಟ್ರಂಕ್ ಅಂಥದ್ದೊಂದು.

ಹಾಗಾಗಿ ರಿಪೇರಿಗೆ ಎಲ್ಲಿಗೇ ತೆಗೆದುಕೊಂಡು ಹೋದರೂ ಕೆಟ್ಟ ಫೈಲು ಒಂದನ್ನೇ ಒಯ್ಯಬೇಡಿ. ಅದೇ ಫೋನಿನಲ್ಲಿ ತೆಗೆದ ಒಳ್ಳೆಯ ವಿಡಿಯೋ ಒಂದನ್ನೂ ಜೊತೆಗೆ ಹಾಕಿಕೊಂಡು ಹೋಗಿ. ಮಗು ಆಡುತ್ತಿರುವುದೋ, ಅಂಗಳದ ಮಳೆಯೋ, ಏನಾದರೂ ಆಗಲಿ, ಹತ್ತು ಸೆಕೆಂಡಿನದಾದರೂ ಸಾಕು.